ಟಿಕ್ ಇಲ್ಲದ ಸಾಲು

ನಮ್ಮದು ಕಾಸರಗೋಡಿನ ಒಂದು ಸಣ್ಣ ಸ್ಟುಡಿಯೋ. ಮಾಡು ಶೀಟಿನದ್ದು. ಜೂನ್‌ನಲ್ಲಿ ರೆಕಾರ್ಡಿಂಗ್ ಬೇಡ ಎಂದು ಪ್ರತಿ ವರ್ಷ ಹೇಳುತ್ತೇನೆ. ಪ್ರತಿ ವರ್ಷ ಜೂನ್‌ನಲ್ಲೇ ಕೆಲಸ ಬರುತ್ತದೆ.

ಈ ಸಲ ಬಂದದ್ದು ವೈಜ್ಞಾನಿಕ ಕಲ್ಪನೆಯ ಆಡಿಯೋ ನಾಟಕ. ಆರು ಕಂತು, ಆರು ಬೇರೆ ಬೇರೆ ಕಥೆ. ಎಲ್ಲದರಲ್ಲೂ ಯಾರದೋ ಗುರುತು ಕಳವಾಗುತ್ತದೆ. ಮೂರನೆಯದರಲ್ಲಿ ಕಥೆ ಹೇಳುವ ಒಬ್ಬ ಮುದುಕನ ಸ್ವರವನ್ನೂ ಹೆಸರನ್ನೂ ಒಂದು ಯಂತ್ರ ಎತ್ತಿಕೊಂಡು ಊರೂರು ತಿರುಗುತ್ತದೆ. ಮುದುಕನ ಪಾತ್ರಕ್ಕೆ ಬದಿಯಡ್ಕ ಕಡೆಯ ಒಬ್ಬರು ರಿಟೈರ್ಡ್ ಮಾಷ್ಟ್ರು. ಎಷ್ಟೋ ವರ್ಷ ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತ ಇಲ್ಲದೆ ಕೂತೇ ನಡೆಸುವ ಯಕ್ಷಗಾನದಲ್ಲಿ, ಅರ್ಥ ಹೇಳಿದವರು.

ಮಿಕ್ಸಿಂಗ್ ದಿನ ನೋಡಿದರೆ ಒಂದು ಸಾಲೇ ಇಲ್ಲ. "ನನ್ನ ಕಥೆ ನನ್ನ ಬಾಯಲ್ಲೇ ಇರಲಿ ಬಿಡು." ಯಾವ ಸಾಲು ರೆಕಾರ್ಡ್ ಆಯಿತು ಎಂದು ಗುರುತು ಹಾಕುವ ಟೇಕ್ ಶೀಟಿನಲ್ಲಿ ಓಕೆ ಎಂದು ಬರೆದದ್ದು ನಾನೇ. ಹೊರಗೆ ಧೋ ಎಂದು ಮಳೆ. ರಾತ್ರಿ ಹನ್ನೊಂದಕ್ಕೆ ಫೈಲ್ ಹೋಗಬೇಕು. 2023ರ ಜನವರಿಯಲ್ಲೇ ಮೈಕ್ರೋಸಾಫ್ಟ್‌ನವರು ಮೂರು ಸೆಕೆಂಡಿನ ಸ್ವರ ಇದ್ದರೆ ನಕಲು ಮಾಡಬಹುದು ಎಂದು ತೋರಿಸಿದ್ದರು. ನನ್ನ ಬಳಿ ಮಾಷ್ಟ್ರ ಸ್ವರ ನಲವತ್ತು ನಿಮಿಷ ಇತ್ತು. ಅದನ್ನು ಸ್ವರ ನಕಲು ಮಾಡುವ ಸಾಫ್ಟ್‌ವೇರಿಗೆ ಕೊಟ್ಟು ಸಾಲು ಟೈಪ್ ಮಾಡಿದೆ, ಅವರದೇ ಸ್ವರದಲ್ಲಿ ಬಂತು. ರೂಮ್ ಟೋನ್, ಅಂದರೆ ಖಾಲಿ ಕೋಣೆಯ ಸಣ್ಣ ಸದ್ದು, ಹಾಕಿ ಕೂರಿಸಿದೆ. ಬಾಸ್‌ಗೆ ಗೊತ್ತಾಗಲಿಲ್ಲ. ಕೆಲಸ ಕೊಟ್ಟ ಬೆಂಗಳೂರಿನವರಿಗೂ ಗೊತ್ತಾಗಲಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಜಂಬವೇ ಬಂತು.

ನಾಲ್ಕು ದಿನ ಬಿಟ್ಟು ಮಾಷ್ಟ್ರು ಕೊಡೆ ಮಡಚುತ್ತಾ ಬಂದರು. ಕಂತು ಕೇಳಬೇಕಂತೆ. ಹೆಡ್‌ಫೋನ್ ಕೊಟ್ಟೆ. ಕಣ್ಣು ಮುಚ್ಚಿ ಕೇಳಿದರು. ಆ ಸಾಲು ಬಂದಾಗ ಕಣ್ಣು ಬಿಟ್ಟರು.

"ಇನ್ನೊಮ್ಮೆ ಹಾಕು."

ಹಾಕಿದೆ.

"ಇದು ಯಾರು ಮಾರಾಯಾ?"

"ನೀವೇ ಮಾಷ್ಟ್ರೇ."

ನಕಲು ಮಾಡಿದ್ದಕ್ಕಿಂತ ಜಾಸ್ತಿ ಚುಚ್ಚುವುದು ಈ ಮಾತು. ಅವರು ನನ್ನ ಮೇಲೆ ಸಂಶಯಪಡಲೇ ಇಲ್ಲ. "ಹೌದಾ? ಹೇಳಿದ ನೆನಪೇ ಇಲ್ಲ. ಪ್ರಾಯ ಆಯ್ತಲ್ಲ" ಎಂದರು. ಈಚೆಗೆ ಮಾತ್ರೆ ತಗೊಂಡದ್ದೂ ಮರೆತು ಹೋಗುತ್ತದೆ, ಹೆಂಡತಿ ಬೈಯುತ್ತಾಳೆ ಎಂದರು. ನಾನು ಫೇಡರ್ ಮೇಲೆ ಸುಮ್ನೆ ಬೆರಳಾಡಿಸುತ್ತಾ ಕೂತೆ. ಆಗಲಾದರೂ ಹೇಳಬಹುದಿತ್ತು, ಅಲ್ವಾ?

ಅವರು ಚೀಲದಿಂದ ಸ್ಕ್ರಿಪ್ಟ್ ತೆಗೆದರು. ತಾಳಮದ್ದಳೆಯಲ್ಲಿ ಅರ್ಥವನ್ನು ಯಾರೂ ಬರೆದುಕೊಡುವುದಿಲ್ಲ, ಕೂತಲ್ಲೇ ಹುಟ್ಟಬೇಕು. ಬರೆದದ್ದನ್ನು ಓದುವುದೆಂದರೆ ಅವರಿಗೆ ಹೆದರಿಕೆ. ಅದಕ್ಕೇ ಹೇಳಿಯಾದ ಒಂದೊಂದು ಸಾಲಿಗೂ ಪೆನ್ಸಿಲಲ್ಲಿ ಸಣ್ಣ ಟಿಕ್ ಹಾಕಿಕೊಂಡಿದ್ದರು. ಹದಿನಾಲ್ಕನೇ ಪುಟದಲ್ಲಿ ಒಂದಕ್ಕೆ ಟಿಕ್ ಇಲ್ಲ. ಅಲ್ಲಿ ಬೆರಳಿಟ್ಟು ನನ್ನ ಮುಖ ನೋಡಿದರು. ಎಲ್ಲ ಹೇಳಿದೆ.

ಅವರು ಬೈಯಲಿಲ್ಲ. ಬಾಸ್ ಮಾತ್ರ "ಕಾಂಟ್ರಾಕ್ಟ್‌ಗೆ ಸೈನ್ ಹಾಕಿದ್ದಾರಲ್ಲ" ಎಂದರು. ಇಂಗ್ಲಿಷಿನ ಒಂಬತ್ತು ಪುಟ. ಓದಿ ಹೇಳಿದವರು ಯಾರು? ಗಾಯಕ ಅರಿಜಿತ್ ಸಿಂಗ್ ಅವರ ಸ್ವರವನ್ನು ಒಪ್ಪಿಗೆ ಇಲ್ಲದೆ ನಕಲು ಮಾಡಬಾರದು ಎಂದು 2024ರ ಜುಲೈಯಲ್ಲಿ ಬಾಂಬೆ ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟದ್ದನ್ನು ನೆನಪಿಸಿದೆ. "ಮಾಷ್ಟ್ರು ಅರಿಜಿತ್ ಸಿಂಗಾ?" ಎಂದು ಬಾಸ್ ಫೋನ್ ಹಿಡಿದು ಹೊರಗೆ ಹೋದರು. ಈಗ ಟೇಕ್ ಶೀಟಿಗೆ ಸಾಲು ಹೇಳಿದವರೂ ಸೈನ್ ಹಾಕುತ್ತಾರೆ. ನಕಲಿಗೆ ಒಪ್ಪಿಗೆ ಕೇಳುವ ಕಾಗದವನ್ನು ಕನ್ನಡದಲ್ಲೇ ಬರೆದು ಕೊಟ್ಟಿದ್ದೇನೆ. ಅದಿನ್ನೂ ಬಾಸ್ ಮೇಜಿನ ಮೇಲೆ ಮಲಗಿದೆ.

ಮಾಷ್ಟ್ರು ಅವತ್ತೇ ಬೂತಿಗೆ ಹೋದರು. "ನನ್ನ ಕಥೆ" ಎಂದು ನಿಂತರು, ಉಸಿರು ಬಿಟ್ಟರು, ಆಮೇಲೆ ಉಳಿದದ್ದು ಹೇಳಿದರು. ನಕಲು ಎಲ್ಲೂ ನಿಂತಿರಲಿಲ್ಲ. ಹಿಂದೆ ಮಳೆ ಕೇಳುತ್ತದೆ, ಡಿನಾಯ್ಸ್ ಹಾಕಿದರೂ ಹೋಗಿಲ್ಲ. ಹೊರಗೆ ಬಂದು ಪೆನ್ಸಿಲ್ ತೆಗೆದು ಟಿಕ್ ಹಾಕಿದರು. "ಆ ಇನ್ನೊಬ್ಬನನ್ನು ಅಳಿಸು" ಎಂದರು. ಅವರೆದುರೇ ಡಿಲೀಟ್ ಮಾಡಿದೆ. ಬ್ಯಾಕಪ್ ಡ್ರೈವಿನ ವಿಷಯ ಅವರಿಗೆ ಗೊತ್ತಿಲ್ಲ. ಅದರಲ್ಲಿದ್ದದ್ದನ್ನು ರಾತ್ರಿ ತೆಗೆದೆ.