ಹೊಂಗೆ ಹೂವು ಹೊಕ್ಕ ಜಾಗ

ಮೇ 11, 2025, ಭಾನುವಾರ
ಕುವೆಂಪುನಗರ, ಮೈಸೂರು

ಶುಕ್ರವಾರದ ಮಳೆಗೆ ಕಾರಿನ ಎಡಗಡೆ ಸೀಟಿನ ಕಾಲಡಿಯಲ್ಲಿ ಮತ್ತೆ ನೀರು. ಹೆಂಡತಿ ಚಪ್ಪಲಿ ಕೈಯಲ್ಲಿ ಹಿಡಿದು, ಕಾಲು ಮಡಚಿಕೊಂಡು ಮನೆ ತಲುಪಿದಳು. ಮುಂದಿನ ಗಾಜಿನ ಸುತ್ತಲಿನ ಅಂಟು ಬಿಟ್ಟಿದೆ, ಗಾಜು ಬಿಚ್ಚಿ ಮತ್ತೆ ಕೂರಿಸಬೇಕು ಎಂದು ಗ್ಯಾರೇಜಿನವರು ಹೇಳಿದ್ದರು. ಖರ್ಚು ದೊಡ್ಡದಾದಷ್ಟೂ ನನ್ನ ಬುದ್ಧಿ ಚುರುಕಾಗುತ್ತದೆ. ಏಸಿ ಹಾಕಿದಾಗ ಬರುವ ಕೊಳೆತ ಎಲೆಯ ವಾಸನೆಗೂ ಅಂಟಿಗೂ ಏನು ಸಂಬಂಧ?

ಎದುರು ಮನೆಯ ಯಜಮಾನರು ಬಸ್ ಡಿಪೋದ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಕಾರನ್ನೂ ಅದರ ಮೇಲೆ ಬಾಗಿದ ಹೊಂಗೆ ಮರವನ್ನೂ ಒಮ್ಮೆ ನೋಡಿ, "ವೈಪರ್ ಬುಡದ ಜಾಲರಿ ತೆಗೆದು ನೋಡಿ ಸ್ವಾಮಿ" ಎಂದರು.

ಜಾಲರಿ ತೆಗೆಯಬೇಕಾದರೆ ಮೊದಲು ವೈಪರ್ ತೋಳುಗಳು ಬರಬೇಕು. ಅವು ನಿಂತ ಜಾಗಕ್ಕೆ ಗಾಜಿನ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿಕೊಂಡೆ. ಮತ್ತೆ ಕೂರಿಸುವಾಗ ತೋಳು ಕಚ್ಚಿಕೊಳ್ಳುವ ಕಂಬಿಯಲ್ಲಿ ಒಂದು ಹಲ್ಲು ಆಚೀಚೆಯಾದರೂ ವೈಪರ್ ನಿಲ್ಲುವ ಜಾಗ ತಪ್ಪುತ್ತದೆ. ನಟ್ಟಿನ ಮೇಲಿನ ಮುಚ್ಚಳ ಎಬ್ಬಿಸಿದೆ, 14ರ ಸ್ಪ್ಯಾನರಿಗೆ ನಟ್ ಸಲೀಸಾಗಿ ಸಡಿಲವಾಯಿತು. ತೋಳು ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಸ್ಕ್ರೂಡ್ರೈವರ್ ತೂರಿಸಿ ಮೀಟಲು ಹೊರಟವನನ್ನು ಯಜಮಾನರು ಗೇಟಿನಿಂದಲೇ ಗದರಿದರು: "ಗಾಜು ಒಡೆದೀತು! ನಟ್ಟನ್ನು ಪೂರ್ತಿ ತೆಗೆಯಬೇಡಿ, ಎರಡು ಸುತ್ತು ಉಳಿಸಿ."

ಒಳಗಿನ ಕಂಬಿ ಉಕ್ಕಿನದು, ತುದಿಗೆ ಸಣ್ಣದಾಗುತ್ತಾ ಹೋಗುತ್ತದೆ, ಮೈತುಂಬ ಹಲ್ಲು. ಅದರ ಮೇಲೆ ಬಿಗಿದು ಕೂತ ತೋಳಿನ ತಲೆ ಅಲ್ಯೂಮಿನಿಯಂ. ವರ್ಷಗಟ್ಟಲೆ ನೀರು ಇಳಿದು ಎರಡೂ ಕಚ್ಚಿಕೊಂಡಿರುತ್ತವೆ. ಬಿಸಿನೀರು ಸುರಿಯಲೇ ಎಂದು ಕೇಳಿದ್ದಕ್ಕೆ ಯಜಮಾನರು ಗಾಜಿನ ಕಡೆ ಕಣ್ಣು ತೋರಿಸಿ ಸುಮ್ಮನಾದರು. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಒಳಗೆ ಹೋಗಿ ಉಪ್ಪಿಟ್ಟು ತಿಂದು ಬಂದೆ. ಗಾಜಿಗೆ ಹಳೆಯ ಟವೆಲ್ ಹೊದಿಸಿ, ತೋಳನ್ನು ಎತ್ತಿ ಹಿಡಿದು, ಬುಡವನ್ನು ಎಡಕ್ಕೂ ಬಲಕ್ಕೂ ಅಲುಗಿಸಿದೆ. ಐದಾರು ನಿಮಿಷಕ್ಕೆ ಟಕ್ ಎಂದು ಬಿಟ್ಟುಕೊಂಡಿತು. ತೋಳಿನ ತಲೆ ನಟ್ಟಿಗೆ ಬಡಿದು ನಿಂತಿತು. ಎರಡು ಸುತ್ತು ಉಳಿಸಲು ಹೇಳಿದ್ದೇಕೆಂದು ಆಗ ತಿಳಿಯಿತು.

ಜಾಲರಿಯ ಪ್ರತಿ ಕ್ಲಿಪ್ಪಿನ ನಟ್ಟನಡುವಿನ ಮೊಳೆಯನ್ನು ಮೊದಲು ಮೇಲೆತ್ತಬೇಕು, ಆಮೇಲೆ ಕ್ಲಿಪ್ಪನ್ನು ಎಳೆಯಬೇಕು. ಬಿಸಿಲು ತಿಂದ ಪ್ಲಾಸ್ಟಿಕ್. ಏಳರಲ್ಲಿ ಎರಡು ಪುಡಿಯಾದವು. ರಬ್ಬರ್ ಬೀಡಿಂಗ್ ಬಿಡಿಸಿ ಜಾಲರಿ ಎತ್ತಿದರೆ, ಕೆಳಗೆ ಗೊಬ್ಬರದ ಗುಂಡಿ! ಹೊಂಗೆ ಹೂವು, ಎಲೆ, ಧೂಳು ಸೇರಿ ಕರಿ ಕೆಸರಾಗಿ, ಮೂಲೆಯ ನೀರಿನ ಕಿಂಡಿಗೆ ಬಿರಡೆ ಹಾಕಿದಂತೆ ಕೂತಿತ್ತು. ಪಕ್ಕದಲ್ಲೇ ಕಾರಿನೊಳಗೆ ಗಾಳಿ ಎಳೆಯುವ ಬಾಯಿ. ಕಟ್ಟಿದ ನೀರು ಅದರ ಅಂಚು ದಾಟಿದರೆ ನೇರ ಇಳಿಯುವುದು ಎಡಗಡೆಯವರ ಪಾದಕ್ಕೆ. ಅರ್ಧ ಬಕೆಟ್ ಕೆಸರು ತೆಗೆದೆ. ಹೆಂಡತಿ ಅದನ್ನು ದಾಸವಾಳದ ಕುಂಡಕ್ಕೆ ಹಾಕಿದಳು. ಒಂದು ಚೊಂಬು ನೀರು ಸುರಿದಾಗ ಮುಂದಿನ ಚಕ್ರದ ಹಿಂದಿನಿಂದ ದಬದಬ ಇಳಿಯಿತು. ಆ ಸದ್ದಿಗಾಗಿ ಇನ್ನೂ ಎರಡು ಚೊಂಬು ಸುರಿದೆ.

ಕಂಬಿಯ ಹಲ್ಲುಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಜಾಲರಿ ಮುಚ್ಚಿ, ಟೇಪಿನ ಗುರುತಿಗೆ ತೋಳು ಕೂರಿಸಿ, ನಟ್ ಬಿಗಿದೆ. ಗೆದ್ದವನ ಠೀವಿಯಲ್ಲಿ ಗಾಜಿಗೆ ನೀರು ಚಿಮ್ಮಿಸುವ ಕಡ್ಡಿ ಎಳೆದೆ. ಮೋಟಾರ್ ಗುಂಯ್ ಎಂದಿತು, ಗಾಜಿಗೆ ಹನಿಯೂ ಬೀಳಲಿಲ್ಲ. ಜಾಲರಿ ಎತ್ತುವಾಗ ಕಳಚಿದ ಸಣ್ಣ ಪೈಪನ್ನು ಸಿಕ್ಕಿಸುವುದೇ ಮರೆತಿದ್ದೆ.

ಎಲ್ಲವನ್ನೂ ಮತ್ತೆ ಬಿಚ್ಚಿದೆ. ಈ ಸಲ ಹತ್ತೇ ನಿಮಿಷ. ಯಜಮಾನರು ಗೇಟಿನ ಬಳಿ ನಿಂತು ಎಲ್ಲವನ್ನೂ ನೋಡಿದರು, ಏನೂ ಹೇಳದೆ ಒಳಗೆ ಹೋದರು.