ಸ್ಕೂಲಿಗೆ ಕಳಿಸೋದು ಅವರೆಕಾಳು ಹಿತುಕೋಕಾ?

ಮೈಸೂರಿನ ಕುವೆಂಪುನಗರದಲ್ಲಿ ಮೂರರಿಂದ ಆರು ವರ್ಷದ ಮಕ್ಕಳಿಗೆ ಪಾಠ ಮಾಡುತ್ತೇನೆ. ಪಾಠ ಅಂದರೆ ಲೋಟಕ್ಕೆ ನೀರು ಬಗ್ಗಿಸುವುದು, ಅಂಗಿಯ ಗುಂಡಿ ಹಾಕುವುದು, ಟೇಬಲ್ ಒರೆಸುವುದು, ಕಾಲ ಬಂದಾಗ ಅವರೆಕಾಳು ಹಿತುಕುವುದು. ಹಾಗಾಗಿ ಪ್ರತಿ ವರ್ಷ ಯಾರಾದರೂ ಗೇಟಿನ ಹತ್ತಿರ ನಿಲ್ಲಿಸಿ ಕೇಳೇ ಕೇಳುತ್ತಾರೆ: “ಮಿಸ್, ಇಷ್ಟು ಫೀಸು ಕಟ್ಟಿ ಕಳಿಸ್ತಿರೋದು ಮನೆಗೆಲಸ ಕಲಿಯೋಕಾ? ಅ ಆ ಇ ಈ ಬರೆಸೋದು ಯಾವಾಗ?”

ಕೇಳೋದರಲ್ಲಿ ತಪ್ಪೇನಿಲ್ಲ. ಪಕ್ಕದ ಮನೆ ಮಗು ನೂರರವರೆಗೆ ಬರೆಯುತ್ತೆ ಅಂದಾಗ ಯಾರಿಗಾದರೂ ಹೊಟ್ಟೆಯಲ್ಲಿ ಸಂಕಟ ಆಗುತ್ತೆ. ಆದರೆ ನನ್ನ ಉತ್ತರ ಇಷ್ಟೇ: ಬರೆಯೋದಕ್ಕೆ ತಯಾರಿ ಆಗಲೇ ಶುರುವಾಗಿದೆ.

ಹಿತುಕುವುದನ್ನೇ ನೋಡಿ. ರಾತ್ರಿ ನೆನೆಹಾಕಿದ ಕಾಳನ್ನು ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಸೇರಿಸಿ ಹಿಡಿದು ಒಂದು ಕಡೆಯಿಂದ ಒತ್ತಬೇಕು. ಕಮ್ಮಿ ಒತ್ತಿದರೆ ಸಿಪ್ಪೆ ಬಿಡಲ್ಲ. ಜಾಸ್ತಿ ಒತ್ತಿದರೆ ಬೇಳೆ ಚಿಮ್ಮಿ ಎದುರಿಗೆ ಕೂತವರ ಹಣೆಗೆ ಬಡಿಯುತ್ತೆ (ಕೆಲವರು ಬೇಕಂತಲೇ ಜಾಸ್ತಿ ಒತ್ತುತ್ತಾರೆ, ಬಿಡಿ). ಎಷ್ಟು ಒತ್ತಬೇಕು ಅನ್ನೋದನ್ನ ಬಾಯಲ್ಲಿ ಹೇಳಿಕೊಡೋಕೆ ಆಗಲ್ಲ, ಬೆರಳೇ ಕಲಿಯಬೇಕು. ನಾಳೆ ಪೆನ್ಸಿಲ್ ಹಿಡಿಯೋದೂ ಇದೇ ಮೂರು ಬೆರಳು. ನಮ್ಮ ಅಕ್ಷರಗಳೋ ಪೂರ್ತಿ ದುಂಡಗೆ. ಮಣಿಕಟ್ಟು ಸಲೀಸಾಗಿ ತಿರುಗದ ಮಗುವಿನ ಕೈಯಲ್ಲಿ ‘ಣ’ ಬರೆಸಿ ನೋಡಿ, ಇಬ್ಬರಿಗೂ ಅಳು ಬರುತ್ತೆ. ಬಟ್ಟೆ ಹಿಂಡುವುದು, ಡಬ್ಬಿಯ ಮುಚ್ಚಳ ತಿರುಗಿಸುವುದು, ಇದೆಲ್ಲ ಆ ಮಣಿಕಟ್ಟಿಗೇ ಕೆಲಸ.

ಇದು ನಾನು ಕಂಡುಹಿಡಿದದ್ದೇನೂ ಅಲ್ಲ. ಇಟಲಿಯ ಶಿಕ್ಷಣತಜ್ಞೆ ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯಲ್ಲಿ ತೆರೆದ ಶಾಲೆಯಲ್ಲಿ ಮಕ್ಕಳು ಕೈ ತೊಳೆಯುತ್ತಿದ್ದರು, ಗುಡಿಸುತ್ತಿದ್ದರು, ಊಟ ಬಡಿಸುತ್ತಿದ್ದರು. 1939ರಲ್ಲಿ ಅವರೇ ಮದ್ರಾಸಿನ ಅಡ್ಯಾರಿಗೆ ಬಂದು ಇಲ್ಲಿನ ಟೀಚರುಗಳಿಗೆ ತರಬೇತಿ ಕೊಟ್ಟರು. ಅಷ್ಟು ದೂರ ಯಾಕೆ, ಮಕ್ಕಳು ಕೈಯಾರೆ ಮಾಡಿ ಕಲಿಯಲಿ ಅಂತ ಸರ್ಕಾರಿ ಶಾಲೆಗಳಿಗೆ ಬಂದ ನಲಿ-ಕಲಿ ಪದ್ಧತಿ 1995ರಲ್ಲಿ ಶುರುವಾಗಿದ್ದು ನಮ್ಮ ಎಚ್.ಡಿ. ಕೋಟೆಯಲ್ಲೇ.

ಮುಂದಿನ ಪ್ರಶ್ನೆ, ಮನೆಯಲ್ಲಿ ಏನು ಮಾಡಿಸೋದು? ದಯವಿಟ್ಟು ಪ್ಲಾಸ್ಟಿಕ್ಕಿನ ಕಿಚನ್ ಸೆಟ್ ತರಬೇಡಿ. ಆಟದ ಕೆಲಸ ಯಾವುದು, ನಿಜವಾದ ಕೆಲಸ ಯಾವುದು ಅಂತ ಮೂರು ವರ್ಷದ ಮಗುವಿಗೆ ನಮಗಿಂತ ಚೆನ್ನಾಗಿ ಗೊತ್ತು. ಅದು ಹಿತುಕಿದ ಬೇಳೆ ಅವತ್ತಿನ ಸಾರಿಗೇ ಬೀಳಬೇಕು. ಅದು ಒರೆಸಿದ ಜಾಗವನ್ನ ಅದರ ಕಣ್ಣೆದುರೇ ನೀವು ಮತ್ತೆ ಒರೆಸಬಾರದು. ಇದು ಕಷ್ಟ, ನನಗೂ ಕೈ ತುರಿಸುತ್ತೆ. ಮಗು ಮಲಗಿದ ಮೇಲೆ ಒರೆಸಿಕೊಳ್ಳಿ.

ನೀರು ಬಗ್ಗಿಸೋದನ್ನ ಕಲಿಸುವುದಾದರೆ ಮೊದಲು ನೀರು ಬೇಡ. ಒಂದು ತಟ್ಟೆಯಲ್ಲಿ ಎರಡು ಪುಟ್ಟ ಲೋಟ ಇಡಿ, ಒಂದರಲ್ಲಿ ಅರ್ಧ ಅಕ್ಕಿ. ಇದರಿಂದ ಅದಕ್ಕೆ, ಅದರಿಂದ ಇದಕ್ಕೆ. ಕೈ ನಿಂತಮೇಲೆ ನೀರು ಕೊಡಿ, ಅದೂ ಅರ್ಧ ಲೋಟ, ಪಕ್ಕದಲ್ಲಿ ಒರೆಸೋ ಬಟ್ಟೆ. ತೋರಿಸುವಾಗ ಮಾತಾಡಬೇಡಿ. “ಹುಷಾರು, ಚೆಲ್ಲುತ್ತೆ, ನೋಡ್ಕೊಂಡು” ಅಂತಿದ್ದರೆ ಮಗು ನಿಮ್ಮ ಮುಖ ನೋಡುತ್ತೆ, ಕೈ ನೋಡಲ್ಲ. ಚೆಲ್ಲಿದರೆ ಬಟ್ಟೆ ಇದ್ದೇ ಇದೆಯಲ್ಲ, ಒರೆಸೋದೂ ಪಾಠವೇ. ಗುಂಡಿ ಹಾಕೋದನ್ನ ಕೆಳಗಿನ ಗುಂಡಿಯಿಂದ ಶುರು ಮಾಡಿಸಿ, ಕತ್ತಿನ ಗುಂಡಿ ಮಗುವಿನ ಕಣ್ಣಿಗೇ ಕಾಣಲ್ಲ. ಇದನ್ನೆಲ್ಲ ಭಾನುವಾರ ಮಾಡಿಸಿ, ಬೆಳಿಗ್ಗೆ ವ್ಯಾನ್ ಹಾರ್ನ್ ಹೊಡೆಯುತ್ತಿರುವಾಗ ಅಲ್ಲ.

ಅಜ್ಜಿಯರದು ಇನ್ನೊಂದು ತಕರಾರು: “ಗಂಡು ಹುಡುಗನ ಕೈಯಲ್ಲಿ ಪಾತ್ರೆ ತೊಳೆಸ್ತೀರಲ್ಲಮ್ಮ!” ಹೌದು, ತೊಳೆಸುತ್ತೇನೆ. ಅವನು ಉಂಡ ತಟ್ಟೆ ತಾನೇ? ಇದರಲ್ಲಿ ಚೌಕಾಸಿ ಇಲ್ಲ.

ಒಂದು ವಿಷಯಕ್ಕೆ ಮಾತ್ರ ನಾನು ಬಲೇ ಕಟ್ಟುನಿಟ್ಟು. ಚಿಕ್ಕ ಮಕ್ಕಳು ಕಾಳನ್ನ ಮೂಗಿಗೂ ಬಾಯಿಗೂ ತುರುಕಿಕೊಳ್ಳುತ್ತಾರೆ. ಕಾಳಿನ ಕೆಲಸ ಮುಗಿಯೋವರೆಗೂ ದೊಡ್ಡವರೊಬ್ಬರು ಪಕ್ಕದಲ್ಲೇ ಕೂತಿರಬೇಕು, ಮೊಬೈಲ್ ಇಲ್ಲದೆ. ಮೂರು ತುಂಬದ ಮಗುವಿಗೆ ಕಾಳು ಬೇಡವೇ ಬೇಡ, ಸೊಪ್ಪು ಬಿಡಿಸಲಿ.

ಚಾಕು ಯಾವಾಗ ಕೊಡೋದು ಅಂತಲೂ ಕೇಳುತ್ತಾರೆ. ಮೊದಲು ಬಾಳೆಹಣ್ಣು, ಬೆಣ್ಣೆ ಹಚ್ಚೋ ಮೊಂಡು ಚಾಕು. ಆಮೇಲೆ ಬೇಯಿಸಿದ ಆಲೂಗೆಡ್ಡೆ. ಹುರುಳಿಕಾಯಿಗೆ ಚಾಕುವೇ ಬೇಡ, ಕೈಯಲ್ಲೇ ಮುರಿಯಲಿ. ಹರಿತದ ಚಾಕು ಆರರ ಮೇಲೆ, ಅದೂ ನೀವು ಪಕ್ಕದಲ್ಲಿದ್ದರೆ. ಈಳಿಗೆ ಮಣೆ ಮಾತ್ರ ಸದ್ಯಕ್ಕೆ ಅಟ್ಟದ ಮೇಲೇ ಇರಲಿ.