ಬಾಳೆ ಮೀನಿನ ತಲಿಬುರುಡಿ: ಕೆಲಸ ಎಲ್ಲೀತನಕ ಬಂತು

ಮಾರ್ಕೆಟ್ಟಿನ ಮೀನು ಮಾರೋ ಕಾಕಾ ಕೊಟ್ಟ ಬಾಳೆ ಮೀನಿನ ತಲಿಯಿಂದ ಬುರುಡಿ ಬಿಡಿಸಿ ಇಡೋ ಪ್ರಾಜೆಕ್ಟ್ ಹಿಡಿದೀನಿ. ಬುರುಡಿಯಿಂದ ಮಾಂಸ ಪೂರ್ತಿ ಬಿಟ್ಟೈತಿ, ಈಗ ಜಿಡ್ಡು ತೆಗೆಯೋ ಹಂತ. ಪಾತ್ರಿ ತೊಳಿಯೋ ಲಿಕ್ವಿಡ್ ಹಾಕಿದ ನೀರಾಗ ಮುಳುಗಿಸಿ ಮಾಳಿಗಿ ಮ್ಯಾಲೆ ಇಟ್ಟೀನಿ, ನಮ್ಮ ಗಂಗಾವತಿ ಬಿಸಲಿಗೆ ನೀರು ತಾನ ಬೆಚ್ಚಗಾಗ್ತೈತಿ, ಹಳದಿ ಆದಂಗ ಚೆಲ್ಲಿ ಹೊಸಾದು ಹಾಕೋದು ಅಷ್ಟ. ಕುದಿಸಿಬಿಡು ಅಂತಾರ ಮನ್ಯಾಗ, ಆದ್ರ ಕುದಿಸಿದ್ರ ಜಿಡ್ಡು ಎಲುಬಿನೊಳಗ ಇಳೀತೈತಿ, ಮ್ಯಾಲಾಗಿ ಮೀನಿನ ಬುರುಡಿ ಅಂದ್ರ ಹತ್ತಾರು ಸಣ್ಣ ಎಲುಬು ಕೂಡಿದ್ದು, ಎಲ್ಲಾ ಬಿಚ್ಚಿಕೊಂಡ್ ಬಿಡ್ತಾವು. ಬೆಳ್ಳಗ ಮಾಡಾಕ ಬ್ಲೀಚಿಂಗ್ ಪೌಡರ್ ಅಂತೂ ಬ್ಯಾಡ, ಎಲುಬನ್ನ ತಿಂದ ಹಾಕ್ತೈತಿ, ಕಡೀಕ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಸಾಕು.

ಮೀನು ನಮ್ಮ ತುಂಗಭದ್ರಾದ ಬಾಳೆ, ಸೈನ್ಸ್‌ನ್ಯಾಗ ವಲ್ಲಾಗೊ ಅಟ್ಟು, 1801ರಾಗ ಬ್ಲಾಕ್ ಮತ್ತ ಶ್ನೈಡರ್ ಅನ್ನೋ ವಿಜ್ಞಾನಿಗಳ ಪುಸ್ತಕದಾಗ ಹೆಸರು ಸಿಕ್ಕಿದ್ದು. ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾದಾಗೂ ಐತಿ. ಮೈಮ್ಯಾಲೆ ಒಂದ ಪೊರಿ ಇಲ್ಲ, ಬೆನ್ನಿನ ರೆಕ್ಕಿ ಇಷ್ಟ ಇಷ್ಟ, ಹೊಟ್ಟಿ ಕೆಳಗಿನ ರೆಕ್ಕಿ ಮಾತ್ರ ಬಾಲದತನಕ ಉದ್ದಕ್ಕ. 2 ಮೀಟರ್ ದಾಟಿ ಬೆಳೀತೈತಿ ಅಂತ ಪುಸ್ತಕದಾಗ ಬರೀತಾರ, ಈಗ ಮಾರ್ಕೆಟ್ಟಿಗೆ ಬರೋವು ಹೆಚ್ಚಿನವು ಒಂದು ಮೀಟರ್ ಒಳಗಿನವ.

ಹಲ್ಲಿನ ಬಗ್ಗೆ ಸ್ವಲ್ಪ ಜಾಸ್ತಿನ ಬರೀತೀನಿ. ಬಾಯಿ ಕಣ್ಣನ್ನೂ ದಾಟಿ ಹಿಂದಕ್ಕ ಹೋಗೈತಿ, ದವಡಿ ತುಂಬ ಬಟ್ಟಿ ತಿಕ್ಕೋ ಬ್ರಷ್‌ನಂಗ ಸಣ್ಣ ಚೂಪು ಹಲ್ಲಿನ ಪಟ್ಟಿ, ಎಲ್ಲಾ ಒಳಮುಖ. ಬೆರಳು ಹೊರಗಿಂದ ಒಳಗ ಸವರಿದ್ರ ಆರಾಮ ಹೋಗ್ತೈತಿ, ವಾಪಸ್ ಎಳೆದ್ರ ಚರ್ಮಕ್ಕ ಸಿಗ್ತೈತಿ. ಬಾಯಿ ಮ್ಯಾಲಿನ ಅಂಗುಳದ ಮುಂದಿನ ಭಾಗದಾಗ ಇನ್ನೆರಡು ಹಲ್ಲಿನ ತ್ಯಾಪಿ, ಗಂಟಲದಾಗ ಮತ್ತ ಬ್ಯಾರೆ. ಇದು ಕಚ್ಚಿ ತುಂಡು ಮಾಡೋ ಮೀನಲ್ಲ, ಹಗಲೆಲ್ಲಾ ದಂಡಿ ಕೆಳಗ ಅಡಗಿದ್ದು ರಾತ್ರಿ ಹೊರಗ ಬಂದು ಮೀನು, ಕಪ್ಪಿ, ಸೀಗಡಿ ಸಿಕ್ಕಿದ್ದನ್ನ ಇಡಿಯಾಗಿ ನುಂಗತೈತಿ. ತಲಿ ಕೊಟ್ಟ ಕಾಕಾ ಮೊದ್ಲ ಹೇಳಿದ್ದ, "ತಮ್ಮಾ, ಹಿಡಿಯೋದಿದ್ರ ಕಿವಿರಿನ್ಯಾಗ ಕೈ ಹಾಕು, ಬಾಯಾಗ ಹಾಕಬ್ಯಾಡ."

ನನಗ ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಮೀಸಿ ಬುಡದ ಎಲುಬು. ಬ್ಯಾರೆ ಎಷ್ಟೋ ಮೀನಿನಾಗ ಮ್ಯಾಲಿನ ದವಡಿ ಆಗೋ ಎಲುಬು ಅದು, ಇದರಾಗ ಹಲ್ಲಿಲ್ಲದ ಸಣ್ಣ ತುಂಡಾಗಿ ಮೀಸಿಗೆ ಹಿಡಿಕಿ ಆಗೈತಿ. ಅದನ್ನ ಅಲ್ಲಾಡಿಸೇ ಮೀನು ಮೀಸಿ ತಿರುಗಿಸೋದು, ಮೀಸಿ ತುಂಬ ರುಚಿ ತಿಳಿಯೋ ಮೊಗ್ಗು, ಹಿಂಗಾಗಿ ಕೆಸರು ನೀರಾಗ ಕಣ್ಣು ಕಾಣಲಿಲ್ಲ ಅಂದ್ರೂ ಬ್ಯಾಟಿ ನಡೀತೈತಿ.

ತಲಿ ಹಿಂದ ಮೊದಲಿನ ಬೆನ್ನೆಲುಬು ಕೂಡಿ ಗಟ್ಟಿ ಆಗ್ಯಾವು, ಅಲ್ಲೇ ಗಾಳಿಚೀಲದ ಸಪ್ಪಳ ಒಳಕಿವಿಗೆ ಮುಟ್ಟಿಸೋ ವೆಬೆರ್ ಎಲುಬಿನ ಸಾಲು ಇರ್ತೈತಿ. ಅದನ್ನ ಬಿಡಿಸೋದು ಇನ್ನೂ ಬಾಕಿ, ಚಿಮಟಿಗಿ ತಂದೀನಿ.

ಕೆರಿ ಗುತ್ತಿಗಿ ಹಿಡಿದವರಿಗೆ ಬಾಳೆ ಅಂದ್ರ ಆಗಂಗಿಲ್ಲ, ಕಾಟ್ಲಾ ರೋಹು ಮರಿ ತಿಂತೈತಿ ಅಂತ ಮೊದ್ಲ ತೆಗೆದು ಹಾಕ್ತಾರ, ಅವರ ಹೊಟ್ಟಿಪಾಡು, ತಪ್ಪು ಅನ್ನಂಗಿಲ್ಲ. ಆದ್ರ ಹೊಳ್ಯಾಗಾದ್ರೂ ಇದು ಉಳೀಬೇಕು. ಮಳಿಗಾಲದಾಗ ಹೊಳಿ ಏರಿ ದಂಡಿ ಮ್ಯಾಲೆ ನೀರು ಹರಡಿದಾಗ ಮೊಟ್ಟಿ ಇಡೋ ಮೀನು ಇದು, ಡ್ಯಾಂ ಕಟ್ಟಿದ ಮ್ಯಾಲೆ ಆ ನೀರು ಯಾವಾಗ ಬರಬೇಕು ಅನ್ನೋದು ಗೇಟಿನ ಕೈಯಾಗ ಹೋತು. ಯಾವ ಜೀವಿಗೆ ಅಳಿಯೋ ಅಪಾಯ ಎಷ್ಟೈತಿ ಅಂತ ಲೆಕ್ಕ ಹಾಕೋ ಜಾಗತಿಕ ಸಂಸ್ಥೆ ಐಯುಸಿಎನ್‌ನ ಪಟ್ಟಿಯಾಗ ಇದು ವಲ್ನರಬಲ್, ಅಂದ್ರ ಅಳಿಯೋ ಅಪಾಯದಾಗ ಇರೋದು, ಅಂತ ಐತಿ. 2015ರಾಗ ಮುದ್ಲಾಪುರದಿಂದ ಕಂಪ್ಲಿತನಕ 34 ಕಿಲೋಮೀಟರ್ ಹೊಳಿನ ನೀರುನಾಯಿ ಸಂರಕ್ಷಿತ ಪ್ರದೇಶ ಮಾಡ್ಯಾರ, ಭಾಳ ಒಳ್ಳೇದು, ಆ ನೀರುನಾಯಿ ಬದುಕೋದು ಮೀನಿನ ಮ್ಯಾಲೇನ ಅಲ್ಲೇನು.

ಅದಕ್ಕ ಪ್ರಾಜೆಕ್ಟ್ ಸ್ವಲ್ಪ ದೊಡ್ಡದು ಮಾಡಾಕತ್ತೀನಿ. ಮಾರ್ಕೆಟ್‌ನ್ಯಾಗ ಮೀನು ಕೊಯ್ಯೋ ಮೊದ್ಲ ಇಡೀ ಉದ್ದ, ಆಮ್ಯಾಲೆ ಕೆಳದವಡಿ ಉದ್ದ, ಎರಡೂ ಅಳೆದು ಬರಕೋತೀನಿ, ಆ ಲೆಕ್ಕ ಕೂಡಿತಂದ್ರ ಮುಂದ ಬರೇ ಬಿಸಾಕಿದ ತಲಿ ನೋಡೇ ಎಷ್ಟು ದೊಡ್ಡ ಬಾಳೆ ಬರಾಕತ್ತಾವು ಅಂತ ವರ್ಷ ವರ್ಷ ಹೇಳಬಹುದು. ಕಾಕಾ ತಲಿ ತೆಗೆದಿಡ್ತೀನಿ ಅಂದಾನ, ಟೇಪು ಒಂದು ಅವನ ಅಂಗಡಿಯಾಗ ಬಿಟ್ಟು ಬಂದೀನಿ.